ಒದ್ದೆಯಾಗಿ ಬರುವವನ ಬೈರಾಸು

ಸಂಜೆ ದೀಪ ಹಚ್ಚಿದ ಕೂಡಲೇ ಅಮ್ಮ ಬಾಲ್ಕನಿಗೆ ಹೋಗಿ ಒಂದು ಒಣ ಬೈರಾಸು ನೇತುಹಾಕುತ್ತಿದ್ದಳು. ಬೈರಾಸು ಅಂದರೆ ನಮ್ಮ ಉಡುಪಿ ಕಡೆ ಮೈ ಒರೆಸಿಕೊಳ್ಳುವ ತೆಳ್ಳನೆಯ ಚೌಕುಳಿ ಬಟ್ಟೆ. ಅದು ಅವಳದ್ದಲ್ಲ, ನನ್ನದಲ್ಲ, ನನ್ನ ಮಗಳದ್ದೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಒಂದು ಹೊಳೆಗೆ ಇಳಿದು ಇನ್ನೂ ಮೇಲೆ ಬಾರದ ಒಬ್ಬನದ್ದು. ಅವನು ಬಂದರೆ ಒದ್ದೆಯಾಗಿಯೇ ಬರುತ್ತಾನೆ, ಬಂದ ಕೂಡಲೇ ಕೈಗೆ ಏನಾದರೂ ಸಿಗಬೇಕಲ್ಲ ಎಂಬುದು ನಮ್ಮ ಮನೆಯ ಹೆಂಗಸರ ಲೆಕ್ಕಾಚಾರ.

ಅವನು ನನ್ನ ಅಜ್ಜಿಯ ಅಣ್ಣ, ಅಮ್ಮನಿಗೆ ಸೋದರಮಾವ. ನಮ್ಮದು ಹೆಣ್ಣಿನ ಕಡೆಯಿಂದ ಮನೆತನ ನಡೆಯುವ ಕುಟುಂಬ. ಹಾಗಾಗಿ ಮಾವ ಅಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಹಿರಿಯರು ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದರು. ಮಾವ ಎಳೆಯ ಪ್ರಾಯದಲ್ಲೇ ಹಡಗಿನ ಕೆಲಸ ಹಿಡಿದು, ನಾನೀಗ ಇರುವ ಮಲೇಷ್ಯಾದ ಈ ಪೆನಾಂಗಿಗೆ ಬಂದ. ಆಗ ಇಲ್ಲಿನ ಬಂದರಿನಲ್ಲಿ ಹಡಗಿನ ಏಣಿಯಿಂದ ಜೆಟ್ಟಿಯ ಮೆಟ್ಟಿಲಿನ ತನಕ ಈಜುವ ಪಂದ್ಯ ಇಡುತ್ತಿದ್ದರಂತೆ. ದೊರೆಗಳಿಗೆ ಒಂದು ಪಂದ್ಯ, ಹಡಗಿನ ಆಳುಗಳಿಗೆ ಬೇರೆಯೇ ಒಂದು. ಮಾವ ಆಳುಗಳ ಪಂದ್ಯ ಗೆದ್ದ, ಮರುವರ್ಷವೂ ಗೆದ್ದ. ದೊರೆಗಳ ಪಂದ್ಯದಲ್ಲಿ ಇಳಿಯಲು ಬಿಟ್ಟಿದ್ದರೆ ಅದನ್ನೂ ಗೆಲ್ಲುತ್ತಿದ್ದ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಪೆನಾಂಗು ಕಂಡವಳಲ್ಲ, ದೊರೆಗಳು ಈಜುವುದನ್ನೂ ಕಂಡವಳಲ್ಲ. ಆದರೆ ಈ ವಿಷಯದಲ್ಲಿ ಅವಳ ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಗೆದ್ದದ್ದಕ್ಕೆ ಸಿಕ್ಕಿದ ಕಪ್ಪು ಈಗಲೂ ಇದೆ. ಬೆಳ್ಳಿಯ ನೀರು ಕೊಟ್ಟದ್ದು ಪೂರ್ತಿ ಸವೆದು ಒಳಗಿನ ಹಿತ್ತಾಳೆ ಕಾಣುತ್ತದೆ. ನಾನು ಸಣ್ಣವಳಿದ್ದಾಗ ಅದರಲ್ಲೇ ಅಕ್ಕಿ ಅಳೆಯುತ್ತಿದ್ದರು.

ಮೊದಲ ಮಹಾಯುದ್ಧ ಬಂದಾಗ ಅವನು ಸಿಪಾಯಿಯಾಗಿ ಸೇರಿದ. ಯಾಕೆ ಸೇರಿದ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೋಗುವ ಮುನ್ನ ಒಮ್ಮೆ ಮನೆಗೆ ಬಂದಿದ್ದ. ಆಗ ಅಜ್ಜಿ ಚಿಕ್ಕ ಹುಡುಗಿ. ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿದನಂತೆ. ತೋಳನ್ನು ಒಂದಾದ ಮೇಲೊಂದು ನೀರಿನ ಮೇಲಿಂದ ಬೀಸಿ ಎಸೆಯುವ ಹೊಸ ಈಜು ಅದು, ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. "ನನ್ನ ಜಡೆಯ ತುದಿ ಸಹ ಒದ್ದೆ ಆಗ್ಲಿಲ್ಲ" ಎಂದು ಅಜ್ಜಿ ಸಾಯುವ ತನಕ ಹೇಳಿಕೊಂಡಳು. ಅವಳಿಗೆ ಅಣ್ಣನ ಮುಖ ಮರೆತುಹೋಗಿತ್ತು. ನೆನಪಿದ್ದದ್ದು ಆ ಬೆನ್ನು ಮಾತ್ರ.

ಅವನನ್ನು ಟೈಗ್ರಿಸ್ ಹೊಳೆಯ ಕಡೆಗೆ ಕಳಿಸಿದರು. ಯುದ್ಧ ಮುಗಿದ ಮೇಲೆ ಜೊತೆಗಿದ್ದ ಒಬ್ಬ ಸಿಪಾಯಿ ಹುಡುಕಿಕೊಂಡು ನಮ್ಮ ಮನೆಗೆ ಬಂದ. ಸೇತುವೆ ಕಟ್ಟಲು ಆಚೆ ದಡಕ್ಕೆ ಹಗ್ಗ ಒಯ್ಯಬೇಕಿತ್ತು, ಈಜುಗಾರ ಎಂದು ಇವನನ್ನು ಇಳಿಸಿದರು, ಹೊಳೆ ತುಂಬಿತ್ತು, ಮುಳುಗಿಹೋದ ಎಂದು ಹೇಳಿದ. ಮುತ್ತಜ್ಜಿ, ಅಂದರೆ ಆ ಈಜುಗಾರನ ತಾಯಿ, ಬಂದವನಿಗೆ ನೀರು ಬೆಲ್ಲ ಕೊಟ್ಟು ಜಗಲಿಯಲ್ಲಿ ನಿಂತೇ ಕೇಳಿದಳಂತೆ.

"ಮುಳುಗಿದ್ದು ನೀನು ಕಣ್ಣಾರೆ ನೋಡಿದ್ಯಾ?"

"ಇಲ್ಲ ಅಮ್ಮ. ನಡು ಹೊಳೆ ತನಕ ತಲೆ ಕಾಣ್ತಿತ್ತು. ಆಮೇಲೆ ಎಳೆದಾಗ ಹಗ್ಗ ಮಾತ್ರ ಬಂತು."

"ಹಾಗಾದ್ರೆ ಹಗ್ಗ ಬಿಚ್ಚಿದ್ದಾನೆ. ಬಿಚ್ಚಿದವ ಆಚೆ ದಡ ಹತ್ತಿದ್ದಾನೆ."

ಅಷ್ಟೇ. ಅಂದು ಸಂಜೆ ಅವಳು ಹೊಳೆ ಕಡೆಯ ಬಾಗಿಲಿಗೆ ಒಣ ಬೈರಾಸು ನೇತುಹಾಕಿದಳು. ಅವನ ಬಗ್ಗೆ 'ಸತ್ತ' ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಕೂಡದು ಎಂದಳು. ಬಟ್ಟೆ ಹರಿದಾಗ ಹೊಸದು ಬಂತು, ಕೆಲಸ ಮಾತ್ರ ನಿಲ್ಲಲಿಲ್ಲ. ಸಾಯುವಾಗ ಮಗಳಿಗೆ ವಹಿಸಿ ಸತ್ತಳು, ಅಜ್ಜಿ ಸಾಯುವಾಗ ಅಮ್ಮನಿಗೆ ವಹಿಸಿದಳು.

ಇದರಿಂದ ಇನ್ನೊಂದು ತೊಡಕಾಯಿತು. ನಮ್ಮಲ್ಲಿ ಮಳೆಗಾಲದ ನಡುವೆ ಬರುವ ಆಟಿ ಎಂಬ ತುಳು ತಿಂಗಳಲ್ಲಿ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಕೋಳಿ, ಅವರವರ ಇಷ್ಟದ್ದು. ಬಡಿಸಿ ಬಾಗಿಲು ಹಾಕಿಕೊಂಡು ನಾವು ಹೊರಗೆ ನಿಲ್ಲಬೇಕು, ಅವರು ಉಣ್ಣುವಾಗ ನೋಡಬಾರದು. ಎಲ್ಲರಿಗೂ ಎಲೆ ಬೀಳುತ್ತಿತ್ತು, ಇವನಿಗೆ ಮಾತ್ರ ಇಲ್ಲ. ಸಾಯದವನಿಗೆ ಎಲೆ ಹಾಕುವುದು ಹೇಗೆ? ಬದುಕಿದವರ ಪಂಕ್ತಿಗೂ ಬರಲಿಲ್ಲ, ಸತ್ತವರ ಪಂಕ್ತಿಗೂ ಸೇರಲಿಲ್ಲ. ಒಂದು ಶತಮಾನ ಹಸಿದುಕೊಂಡು ಹೊರಗೇ ನಿಂತ.

ನಾನು ಡಾಕ್ಟರು. ಹಲವು ವರ್ಷ ಕ್ಯಾಶುವಾಲಿಟಿಯಲ್ಲಿ ದುಡಿದು ಈಗ ಪೆನಾಂಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಯಾನ್ ಲೆಪಾಸಿನ ಹತ್ತಿರ ನಮ್ಮ ಕಾಂಡೋ, ಅಂದರೆ ಬಹುಮಹಡಿ ಅಪಾರ್ಟ್‌ಮೆಂಟು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಇಲ್ಲಿಗೇ ಕರೆದುಕೊಂಡು ಬಂದೆ. ವಿಮಾನದಿಂದ ಇಳಿದವಳ ಕೈಚೀಲದಲ್ಲಿ ಆ ಕಪ್ಪು, ಒಂದು ಬೈರಾಸು. ಮನೆ ತೋರಿಸಲು ಹೋದರೆ ಅಡುಗೆಮನೆ ನೋಡಲಿಲ್ಲ, ದೇವರ ಕೋಣೆ ಎಲ್ಲಿ ಎಂದು ಕೇಳಲಿಲ್ಲ.

"ನೀರಿನ ಕಡೆ ಬಾಗಿಲು ಯಾವುದು?"

"ಅಮ್ಮ, ಇದು ಎಷ್ಟನೇ ಮಹಡಿ ಅಂತ ಗೊತ್ತುಂಟಾ? ಲಿಫ್ಟಿಲ್ಲದೆ ಇಲ್ಲಿಗೆ ಯಾರೂ ಬರೂದಿಲ್ಲ."

"ಅವ ಹಡಗಿನ ಏಣಿ ಹತ್ತಿದವ ಮಾರಾಯ್ತಿ" ಎಂದು ಅವಳೇ ಬಾಲ್ಕನಿ ಹುಡುಕಿಕೊಂಡಳು. ಅಲ್ಲಿಂದ ಸಮುದ್ರ ಕಾಣುತ್ತದೆ, ದೂರದಲ್ಲಿ ಸೇತುವೆ. ಅವನು ಪಂದ್ಯ ಗೆದ್ದ ನೀರು ಇದೇ ಎಂದು ಅವಳಿಗೆ ಗೊತ್ತಾದಾಗ ಅಲ್ಲಿಯೇ ಒಂದು ಕುರ್ಚಿ ಹಾಕಿಕೊಂಡಳು. ಊರಿನ ಹೊಳೆಗಿಂತ ಇದು ಅವನಿಗೆ ಹತ್ತಿರ ಎಂಬುದು ಅವಳ ವಾದ.

ಬೆಳಿಗ್ಗೆ ನೋಡಿದರೆ ಬೈರಾಸು ಒದ್ದೆ. ಸಮುದ್ರದ ಗಾಳಿ, ತೇವ, ಇನ್ನೇನು. ವಿಜ್ಞಾನ ಕಲಿತವಳಲ್ಲವೇ, ಒಂದು ಸಂಜೆ ನನ್ನ ಟವೆಲನ್ನೂ ಅದರ ಪಕ್ಕ ಹಾಕಿದೆ. ಮರುದಿನ ಎರಡೂ ತೇವವಾಗಿದ್ದವು. ಗೆದ್ದವಳ ಹಾಗೆ ತಂದು ತೋರಿಸಿದೆ.

ಅಮ್ಮ ಎರಡನ್ನೂ ಮುಟ್ಟಿ ನೋಡಿದಳು. "ಎರಡು ಇಟ್ರೆ ಎರಡ್ರಲ್ಲೂ ಒರೆಸಿಕೊಳ್ತಾನೆ. ಅದರಲ್ಲಿ ಎಂತ ಉಂಟು?"

ಆಮೇಲೆ ನಾನು ಪರೀಕ್ಷೆ ಮಾಡಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಹೆದರಿಕೆ ಹಿಡಿದಿತ್ತು. ಒಂದು ಬೆಳಿಗ್ಗೆ ಎದ್ದಾಗ ಬಾಲ್ಕನಿಯಿಂದ ಹಾಲ್‌ನ ನಡುವಿನ ತನಕ ಒದ್ದೆ ಹೆಜ್ಜೆಗಳಿದ್ದವು. ನನ್ನ ಮಗಳು ಈಜುಗಾರ್ತಿ. ಬೆಳಗ್ಗೆಯೇ ಕೆಳಗಿನ ಪೂಲಿಗೆ ಹೋಗುತ್ತಾಳೆ, ಈಜುಡುಗೆ ಒಣಗಿಸಲು ಬಾಲ್ಕನಿಗೆ ಬರುತ್ತಾಳೆ. ಅವಳದ್ದೇ ಹೆಜ್ಜೆ ಎಂದುಕೊಂಡು ನೆಲ ಒರೆಸಿದೆ. ಅವಳನ್ನು ಕೇಳಲಿಲ್ಲ. ಕೇಳಿ, ಅವಳು ಇಲ್ಲ ಅಂದುಬಿಟ್ಟರೆ?

ಕಳೆದ ವರ್ಷ ಅಮ್ಮನ ಹೃದಯ ಕೈಕೊಡಲು ಶುರುವಾಯಿತು. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು. ಮಾತ್ರೆಗಳಲ್ಲಿ ಹೇಗೋ ನಡೆಯುತ್ತಿತ್ತು. ಆಗ ಅವಳು ನನ್ನನ್ನು ಬಾಲ್ಕನಿಗೆ ಕರೆಯಲು ತೊಡಗಿದಳು. "ಇವತ್ತು ನೀನು ಹಾಕು, ನನಗೆ ಕೈ ಎತ್ತಲಿಕ್ಕೆ ಆಗೂದಿಲ್ಲ." ನನಗೆ ಅರ್ಥವಾಯಿತು. ವಹಿಸಿಕೊಡುವ ಕೆಲಸ ಶುರುವಾಗಿದೆ. ಇಂದು ನಾನು, ನಾಳೆ ನನ್ನ ಮಗಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಈ ಹುಡುಗಿ ಮುಂದೆ ಯಾವ ದೇಶದಲ್ಲಿ, ಯಾವ ಬಾಲ್ಕನಿಯಲ್ಲಿ, ಯಾರೆಂದೇ ತಿಳಿಯದವನಿಗೆ ಕಾಯಬೇಕು? ನನಗೆ ಸಿಟ್ಟು ನೆತ್ತಿಗೇರಿತು.

"ನಾನು ಹಾಕೂದಿಲ್ಲ ಅಮ್ಮ. ಈ ಆಟಿಯಲ್ಲಿ ಅವನಿಗೂ ಎಲೆ ಹಾಕಿ ಮುಗಿಸುವ."

"ಎಲೆ ಹಾಕ್ಬೇಕಾದ್ರೆ ಮೊದಲು ಆ ಮಾತು ಹೇಳ್ಬೇಕಲ್ಲ. ಯಾರು ಹೇಳೂದು?"

"ನಾನು ಹೇಳ್ತೇನೆ. ನನ್ನ ಕೆಲಸವೇ ಅದು."

ಸುಳ್ಳಲ್ಲ. ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಗೆ ಹೇಳಬೇಕು ಎಂದು ವಿದ್ಯಾರ್ಥಿಗಳಿಗೆ ಕಲಿಸುವುದು ನಾನೇ. ಮೊದಲು ಅವರನ್ನು ಕೂರಿಸಿ, ನಿಂತವರಿಗೆ ಹೇಳಬೇಡಿ. ನೀವೂ ಎದುರು ಕುಳಿತುಕೊಳ್ಳಿ. ಮುಖ ನೋಡಿ. ಸತ್ತಿದ್ದಾರೆ ಎಂಬ ಪದವನ್ನೇ ಬಳಸಿ. ಹೋಗಿಬಿಟ್ಟರು, ನಮ್ಮ ಕೈ ಮೀರಿತು ಎಂದೆಲ್ಲ ಸುತ್ತಿ ಬಳಸಿದರೆ ಕೇಳುವವರು ಆಸೆ ಇಟ್ಟುಕೊಳ್ಳುತ್ತಾರೆ. ಮಲಯ, ಚೀನೀ, ತಮಿಳು ಮಕ್ಕಳು, ಪ್ರತಿಯೊಬ್ಬರ ಬಾಯಲ್ಲೂ ಒಂದೊಂದು ಮೆತ್ತನೆಯ ಮಾತಿರುತ್ತದೆ. ನಾನು ಎಲ್ಲದಕ್ಕೂ ಅಂಕ ಕಡಿದುಹಾಕುತ್ತೇನೆ.

ಅಮ್ಮನಿಗೂ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಶ್ರದ್ಧೆಯಿಂದ ಕೇಳಿದಳು. "ಕೂರಿಸಿ ಹೇಳೂದು ಒಳ್ಳೆದು" ಎಂದು ಒಪ್ಪಿದಳು. ಆಮೇಲೆ ತಲೆಯಾಡಿಸಿದಳು.

"ನೀನು ಹೇಳಿದ್ರೆ ಆಗೂದಿಲ್ಲ. ಕಾದವರು ಹೇಳ್ಬೇಕು. ನೀನೆಲ್ಲಿ ಕಾದಿದ್ದೀ?"

"ಹಾಗಾದ್ರೆ ನೀನು ಹೇಳು."

"ನಾನು ಹೇಳಿದ್ರೆ ನಾನೇ ಕೊಂದ ಹಾಗೆ. ಅಜ್ಜಿ ಹೇಳ್ಲಿಲ್ಲ, ಅಮ್ಮ ಹೇಳ್ಲಿಲ್ಲ. ನನ್ನ ಬಾಯಲ್ಲೇ ಯಾಕೆ ಸಾಯ್ಬೇಕು ಅವ?"

ಅವಳ ಕಣ್ಣು ತುಂಬಿದ್ದನ್ನು ನೋಡಿ ನಾನು ಎದ್ದು ಹೋದೆ. ತಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹೋದವನಿಗಾಗಿ ಅವಳು ಅಳುತ್ತಿದ್ದಳು. ನನಗೆ ಅದು ಆಗ ಹುಚ್ಚು ಅನ್ನಿಸಿತು.

ಆಟಿ ಬಂತು. ಆಟಿಯ ಅಮಾವಾಸ್ಯೆಗೇ ಇಲ್ಲಿನ ಚೀನೀಯರಿಗೆ ಸತ್ತವರ ತಿಂಗಳು ಹಿಡಿಯುತ್ತದೆ. ದಿಕ್ಕಿಲ್ಲದ ಪ್ರೇತಗಳಿಗೆಂದು ರಸ್ತೆ ಬದಿಯಲ್ಲಿ ಅನ್ನ, ಕಿತ್ತಳೆ ಇಟ್ಟು ಕಾಗದ ಸುಡುತ್ತಾರೆ. ನಮ್ಮ ಕಾಂಡೋ ಗೇಟಿನ ಹೊರಗೂ ಬೂದಿ ಹಾರುತ್ತಿತ್ತು. ಆ ತಿಂಗಳಲ್ಲೇ ಮಗಳಿಗೆ ಬಟು ಫೆರಿಂಗಿಯಲ್ಲಿ ಸಮುದ್ರದ ಈಜು ಪಂದ್ಯ. ಕೆಳಗಿನ ಮನೆಯ ಚೀನೀ ಆಂಟಿ ಲಿಫ್ಟಿನಲ್ಲಿ ಅವಳ ಚೀಲ ನೋಡಿದವಳೇ, ಈ ತಿಂಗಳು ನೀರಿಗಿಳಿಯಬಾರದು, ಮುಳುಗಿ ಸತ್ತವರು ಕಾಲು ಎಳೆಯುತ್ತಾರೆ ಎಂದಳು.

ಮಗಳು ನಕ್ಕಳು. "ಓಕೆ ಲಾ ಆಂಟಿ, ಐ ಕಿಕ್ ವೆರಿ ಹಾರ್ಡ್!"

ಹೊರಡುವಾಗ ಅಮ್ಮ ಬಾಲ್ಕನಿಯಿಂದ ಆ ಬೈರಾಸನ್ನೇ ತಂದು ನನ್ನ ಕೈಗಿಟ್ಟಳು. "ಅವಳು ಮೇಲೆ ಬಂದ ಕೂಡ್ಲೇ ಕೊಡು." ಕಾರಿನಲ್ಲಿ ಬೇರೆ ನಾಲ್ಕು ಟವೆಲುಗಳಿದ್ದವು. ಜಗಳ ಬೇಡವೆಂದು ತೆಗೆದುಕೊಂಡೆ.

ಪಂದ್ಯ ಶುರುವಾದಾಗ ಬಿಸಿಲಿತ್ತು. ನಡುವೆ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ದಡದಿಂದ ಏನೂ ಕಾಣದಾಯಿತು. ಈಜುಗಾರರನ್ನು ದೋಣಿಗಳಲ್ಲಿ ಎತ್ತಿಕೊಂಡು ಬಂದರು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಅವಳು ಬರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡಿದ್ದ ಕಿತ್ತಳೆ ಬಣ್ಣದ ತೇಲುಚೀಲ ಮಾತ್ರ, ಹರಿದ ದಾರದ ಸಮೇತ, ಒಂದು ದೋಣಿಗೆ ಸಿಕ್ಕಿತು.

ಹಗ್ಗ ಮಾತ್ರ ಬಂತು. ಆ ಮಾತು ನನ್ನ ಕಿವಿಯಲ್ಲಿ ಯಾರೋ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಕೂಡಲೇ ಇನ್ನೊಂದು ಮಾತು ನನ್ನ ಬಾಯಿಂದಲೇ, ಕನ್ನಡದಲ್ಲಿ, ಗಟ್ಟಿಯಾಗಿ ಹೊರಬಿತ್ತು. "ಬಿಚ್ಚಿದ್ದಾಳೆ. ಬಿಚ್ಚಿದವಳು ಆಚೆ ದಡ ಹತ್ತಿದ್ದಾಳೆ."

ಅಲ್ಲಿದ್ದ ಸ್ವಯಂಸೇವಕರೊಬ್ಬರು, ನನ್ನ ವಯಸ್ಸಿನ ಮಲಯ ಗಂಡಸು, ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಿಂದೆ ಇಟ್ಟರು. "ಕೂತುಕೊಳ್ಳಿ ಡಾಕ್ಟರ್" ಎಂದರು, ತುಂಬಾ ಮೆತ್ತಗೆ. ಆ ಮೆತ್ತಗಿನ ಸ್ವರ ನನಗೆ ಗೊತ್ತು. ನಾನೇ ಎಷ್ಟೋ ಜನಕ್ಕೆ ಹಾಗೆ ಕುರ್ಚಿ ಎಳೆದಿದ್ದೇನೆ. ಕುಳಿತರೆ ಮುಂದಿನ ಮಾತು ಬರುತ್ತದೆ. ನಾನು ಕೂರಲಿಲ್ಲ. ಅವರು ಇನ್ನೊಮ್ಮೆ ಹೇಳಿದಾಗ ಕುರ್ಚಿಯನ್ನು ಕಾಲಿನಿಂದ ಒದ್ದೆ. ಅದು ಮರಳಿನಲ್ಲಿ ಮಗುಚಿ ಬಿತ್ತು. ಅವರು ಪಾಪ ಸುಮ್ಮನೆ ಎತ್ತಿ ದೂರ ಇಟ್ಟರು. ನಾನು ಬೈರಾಸನ್ನು ಮಳೆಯಲ್ಲಿ ನೆನೆಯದ ಹಾಗೆ ಅಂಗಿಯೊಳಗೆ ಸಿಕ್ಕಿಸಿಕೊಂಡು ನೀರನ್ನೇ ನೋಡುತ್ತ ನಿಂತೆ. ಅದು ಒಣಗಿರಬೇಕು, ಅದೊಂದು ಒಣಗಿದ್ದರೆ ಅವಳು ಬರುತ್ತಾಳೆ. ನನಗೆ ಬೇರೆ ಯೋಚನೆಯೇ ಇರಲಿಲ್ಲ. ಕಲಿತದ್ದು, ಕಲಿಸಿದ್ದು ಯಾವುದೂ ಅಲ್ಲಿ ನನ್ನ ಜೊತೆ ಇರಲಿಲ್ಲ.

ಸೆಳೆತ ಅವಳನ್ನು ಬಂಡೆಗಳ ಆಚೆಗೆ ಒಯ್ದಿತ್ತು. ದಾರ ಯಾವುದೋ ಬಲೆಗೆ ಸಿಕ್ಕಿ ಕೆಳಗೆ ಜಗ್ಗಿದ್ದರಿಂದ ಹರಿದುಕೊಂಡಿದ್ದಳು. ಒಂದು ಮೀನಿನ ದೋಣಿಯವರು ಎತ್ತಿಕೊಂಡು ಆಚೆಯ ಜೆಟ್ಟಿಗೆ ತಲುಪಿಸಿದ್ದರು. ಫೋನು ಬಂದಾಗ ಸಂಜೆಯಾಗುತ್ತಿತ್ತು. ಜೆಟ್ಟಿಯ ಮೆಟ್ಟಿಲ ಮೇಲೆ ಅವಳು ನಡುಗುತ್ತ ಕುಳಿತಿದ್ದಳು. ನಾನು ಅಂಗಿಯೊಳಗಿಂದ ಬೈರಾಸು ತೆಗೆದು ಅವಳ ತಲೆ ಒರೆಸಿದೆ. ಒರೆಸಿದ್ದೇ ಒರೆಸಿದ್ದು.

"ಅಮ್ಮಾ, ಇನಫ್, ಐ ಯಾಮ್ ಡ್ರೈ" ಎಂದಳು. ಆಮೇಲೆ ನನ್ನ ಮುಖ ನೋಡಿ ತಾನೇ ತಲೆ ಬಾಗಿಸಿ ಕೊಟ್ಟಳು.

ಅಮ್ಮನಿಗೆ ನಾವು ಏನೂ ಹೇಳಬಾರದೆಂದು ಮಾತಾಡಿಕೊಂಡಿದ್ದೆವು. ಬಾಗಿಲು ತೆಗೆದವಳು ನನ್ನನ್ನು ಒಂದು ಸಲ ನೋಡಿ, ಒದ್ದೆ ಬೈರಾಸು ಇಸಿದುಕೊಂಡು ಒಳಗೆ ಹೋದಳು.

ಆಟಿ ಮುಗಿಯುವ ಮೊದಲಿನ ಮಂಗಳವಾರ ಹಿರಿಯರಿಗೆ ಬಡಿಸಿದೆವು. ಎಲೆ ಊಟದ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸೋಣ, ನಿನಗೆ ಆಯಾಸವಾಗುತ್ತದೆ ಎಂದು ನಾನು ಅಂದದ್ದಕ್ಕೆ, "ಸತ್ತವರಿಗೆ ಪ್ಲಾಸ್ಟಿಕ್ ಕಟ್ಟಿದ ಊಟ ಹಾಕೂದಾ? ನನಗೂ ನಾಳೆ ಅದೇ ಗತಿಯಾ?" ಎಂದು ಬೈದು, ಕುರ್ಚಿಯಲ್ಲಿ ಕುಳಿತೇ ಬಂಗುಡೆ ಸಾರು ಮಾಡಿದಳು. ಊಟದ ಕೋಣೆಯ ನೆಲದಲ್ಲಿ ಎಲೆಗಳನ್ನು ಹಾಕಿದ್ದು ನಾನು. ಹಾಕಿ ಮುಗಿಸಿದಾಗ ಅಮ್ಮ ಇನ್ನೊಂದು ಎಲೆ ತೊಳೆದು ಕೈಯಲ್ಲಿ ಹಿಡಿದು ನಿಂತಿದ್ದಳು. ಅದರ ಜೊತೆ ಆ ಸವೆದ ಕಪ್ಪು.

"ನೀನು ಈಗ ಕಾದಿದ್ದೀ" ಎಂದಳು. "ನಿನ್ನ ಮುಖದಲ್ಲೇ ಕಾಣ್ತದೆ. ಈಗ ನೀನು ಹೇಳ್ಬಹುದು. ಹೇಳು."

ನಾನು ಬಾಯಿ ತೆರೆದೆ. ಸಾವಿರ ಸಲ ಆಡಿದ ಮಾತು. ಎಷ್ಟೋ ತಾಯಂದಿರ ಎದುರು, ಸ್ವರ ನಡುಗದೆ, ಮುಖ ನೋಡಿ ಹೇಳಿದ ಮಾತು. ಕಣ್ಣೆದುರು ಮಳೆಯಲ್ಲಿ ಒಂದು ತಲೆ ಕಾಣಿಸಿತು. ನನ್ನ ಮಗಳದ್ದೋ, ಅವನದ್ದೋ ತಿಳಿಯಲಿಲ್ಲ. ನಡು ನೀರಿನಲ್ಲಿತ್ತು. ಈಗ ನಾನು ಆ ಮಾತು ಹೇಳಿದರೆ ಅದು ಮುಳುಗುತ್ತದೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು.

"ಆಗೂದಿಲ್ಲ ಅಮ್ಮ" ಎಂದೆ. "ನಾನೇ ಹಾಕ್ತೇನೆ ಬೈರಾಸು. ದಿನಾ ಹಾಕ್ತೇನೆ."

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಮಗಳನ್ನು ನೋಡಿದಳು.

"ಕೂತ್ಕೊಳ್ಳಿ" ಎಂದಳು. "ಇಬ್ರೂ."

ನಾವು ನೆಲದ ಮೇಲೆ ಕುಳಿತೆವು. ಅವಳು ಊದಿದ ಕಾಲನ್ನು ಕಷ್ಟಪಟ್ಟು ಮಡಚಿ ನಮ್ಮೆದುರು ಕುಳಿತಳು. ನನ್ನ ಕೈ ಹಿಡಿದುಕೊಂಡಳು. ನನ್ನ ಮುಖ ನೋಡಿದಳು.

"ನನ್ನ ಮಾವ ಸತ್ತಿದ್ದಾನೆ" ಎಂದಳು. "ಹೊಳೆಯಲ್ಲಿ ಮುಳುಗಿ ಸತ್ತ. ಇನ್ನು ಬರೂದಿಲ್ಲ. ಯಾರೂ ಕಾಯ್ಲಿಕ್ಕಿಲ್ಲ."

ಎಲೆ ಹಾಕಿ, ಅನ್ನ ಬಡಿಸಿ, ಕಪ್ಪಿನಲ್ಲಿ ಅವನ ಪಾಲಿನ ಕುಡಿಯುವುದನ್ನು ಹೊಯ್ದು, ಅವಳು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಸಾವಿನ ಸುದ್ದಿ ಬಂದಾಗ ಮಾಡುವ ಸ್ನಾನ ಅದು. ಬಾಗಿಲು ಹಾಕಿಕೊಂಡು ಮೂವರೂ ಹೊರಗೆ ಲಿಫ್ಟಿನ ಎದುರು ನಿಂತೆವು. ಅವಳ ಬಿಳಿ ಕೂದಲಿನಿಂದ ನೀರು ತೊಟ್ಟಿಕ್ಕಿ ಕಾರಿಡಾರಿನ ನೆಲದ ಮೇಲೆ ಬೀಳುತ್ತಿತ್ತು. ಒಳಗೆ ಅವರು ಉಣ್ಣುತ್ತಿದ್ದರು, ಟವೆಲ್ ತರಲು ಹೋಗುವಂತಿರಲಿಲ್ಲ. ಹೊರಡುವಾಗ ಮಗಳು ಯಾಕೋ ಬಾಲ್ಕನಿಯ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ನಾನು ಅದನ್ನು ತೆಗೆದು ಅಮ್ಮನ ತಲೆ ಒರೆಸಿದೆ.

ಲಿಫ್ಟು ತೆರೆಯಿತು. ಎದುರು ಮನೆಯ ತಮಿಳು ಹೆಂಗಸು ತರಕಾರಿ ಚೀಲ ಹಿಡಿದುಕೊಂಡು ಹೊರಬಂದಳು. ಅವಳ ತಮಿಳು, ಅಮ್ಮನ ಕನ್ನಡ, ಇಬ್ಬರಿಗೂ ಯಾವತ್ತೂ ತೊಂದರೆಯಾಗಿರಲಿಲ್ಲ. ಒದ್ದೆ ತಲೆಯನ್ನು ಕಂಡ ಕೂಡಲೇ ಅವಳಿಗೆ ಗೊತ್ತಾಯಿತು. ಚೀಲ ಕೆಳಗಿಟ್ಟು ಅಮ್ಮನ ತೋಳು ಹಿಡಿದು, ಹೋದವರು ಯಾರು ಎಂದು ಕೇಳಿದಳು.

"ನನ್ನ ಮಾವ" ಎಂದಳು ಅಮ್ಮ.

"ಎಪ್ಪೋ?"

ಅಮ್ಮ ಮುಚ್ಚಿದ ಬಾಗಿಲನ್ನು ನೋಡಿದಳು.

"ಈಗ" ಎಂದಳು. "ಈಗಷ್ಟೇ."